ಕಳಿಸುವ ಪದ

ಕರೆಂಟ್ ಹೋದದ್ದು ಊರಮ್ಮನಿಗೆ ಊಟ ಬಡಿಸುವ ಹೊತ್ತಿಗೆ. ಅಂದರೆ, ಜಂಬಮ್ಮ ಹಾಡುತ್ತಿದ್ದ ಪದದೊಳಗೆ. ಹೊರಗಿನ ಸದ್ದು ಬಾರದಿರಲೆಂದು ಕಿಟಕಿಗಳಿಗೆಲ್ಲ ಕೌದಿ ಬಿಗಿದಿದ್ದರಿಂದ ಬಲ್ಬು ಆರಿದ್ದೇ ತಡ, ಹಗಲು ಹನ್ನೊಂದಕ್ಕೇ ಕೋಣೆ ಕತ್ತಲಾಯಿತು. ಕಣ್ಣು ಮುಚ್ಚಿ ಹಾಡುವ ಜಂಬಮ್ಮನಿಗೆ ಅದು ಗೊತ್ತಾಗಲಿಲ್ಲ. ಎದುರಿಗೆ ಕೂತಿದ್ದ ಸೊಸೆ ಸಮತಾ ಮಾತ್ರ ತಟ್ಟನೆ ರೆಕಾರ್ಡಿಂಗ್ ಮಿಶನ್ನಿನತ್ತ ತಿರುಗಿದಳು. ಟೇಬಲ್ಲಿನ ಕೆಳಗಿದ್ದ ಯುಪಿಎಸ್ಸು ಕುಂಯ್ ಎಂದು ಕೂಗತೊಡಗಿತು.

ರೆಕಾರ್ಡಿಂಗ್ ಮಿಶನ್ನು ಹೊಸಪೇಟೆಯ ಆರ್ಕೆಸ್ಟ್ರಾದವರು ಬಳಸಿ ಮಾರಿದ್ದು, ಇಪ್ಪತ್ತು ವರ್ಷದಷ್ಟು ಹಳೆಯದು. ಕೊಟ್ಟೂರಿನ ಬಟ್ಟೆಯಂಗಡಿ, ಗೊಬ್ಬರದಂಗಡಿಯವರು ಆಟೋದಲ್ಲಿ ಕೂಗಿಸುವ ಜಾಹೀರಾತುಗಳನ್ನು ಸಮತಾ ಅದರಲ್ಲೇ ತನ್ನ ದನಿಯಲ್ಲಿ ತುಂಬಿ ಕೊಡುತ್ತಿದ್ದಳು. ದನಿ ಚೆನ್ನಾಗಿ ಹಿಡಿಯುತ್ತದೆ, ಬುದ್ಧಿ ಮಾತ್ರ ಮೊಂಡು. ಎಷ್ಟು ಹೊತ್ತು ಹಾಡಿದರೂ ಎಲ್ಲವನ್ನೂ ಬಾಯಲ್ಲೇ ಇಟ್ಟುಕೊಂಡು ಕೂತಿರುತ್ತದೆ. ನಿಲ್ಲಿಸುವ ಗುಂಡಿ ಒತ್ತಿದ ಮೇಲಷ್ಟೇ ನುಂಗಲು ಶುರು ಮಾಡುತ್ತದೆ. ನುಂಗಿ ಮುಗಿಸುವ ಮುಂಚೆ ಕರೆಂಟ್ ತಪ್ಪಿತೋ, ಅಷ್ಟೂ ಮಂಗಮಾಯ. ಮುಕ್ಕಾಲು ಗಂಟೆಯ ಪದ ನುಂಗಲು ಅದಕ್ಕೆ ನಾಲ್ಕು ನಿಮಿಷವಾದರೂ ಬೇಕು. ಯುಪಿಎಸ್ಸಿನ ಮುದಿ ಬ್ಯಾಟರಿ ತಡೆಯುವುದು ಹೆಚ್ಚೆಂದರೆ ಆರು ನಿಮಿಷ. ಪದ ಮುಗಿಯಲೂ ಇನ್ನು ಆರು ನಿಮಿಷವಿತ್ತು.

ಇನ್ನೊಮ್ಮೆ ಹಾಡಿಸಿದರಾಯಿತು ಎನ್ನುವಂತಿರಲಿಲ್ಲ. ಜಂಬಮ್ಮನ ಗಂಟಲಲ್ಲಿ ಗಡ್ಡೆ; ನಾಳೆ ದಾವಣಗೆರೆಯಲ್ಲಿ ಆಪರೇಶನ್. ಜೀವಕ್ಕೇನೂ ಭಯವಿಲ್ಲ, ದನಿ ಉಳಿಯುತ್ತದೆಂದು ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ಇವತ್ತೇ ಹೋಗಿ ಸೇರಬೇಕೆಂದು ಮಗ ಮಾರೇಶ ಕಾರು ತರಲು ಹೋಗಿದ್ದ. ಮಕ್ಕಳ ಮೈಮೇಲೆ ಗುಳ್ಳೆಯಾಗಿ ಅಮ್ಮ ಎದ್ದ ಮನೆಗಳಲ್ಲಿ ಕೂತು, ಊರದೇವತೆ ಊರಮ್ಮನನ್ನು ಕರೆದು, ಕಾಲಿಗೆ ನೀರು ಕೊಟ್ಟು, ತಲೆಗೆ ಎಣ್ಣೆ ಹಚ್ಚಿ, ಉಣಿಸಿ, ತಣ್ಣಗೆ ಮಾಡಿ ಕಳಿಸಿಕೊಡುವ ಪದ ಅದು. ಪೂರಾ ಬಲ್ಲವರೆಂದರೆ ಈಗ ಜಂಬಮ್ಮ ಒಬ್ಬಳೇ. ಹದಿನಾಲ್ಕು ವರ್ಷದಿಂದ ಆಕೆ ಸೊಸೆಗೆ ಕಲಿತುಕೋ ಎನ್ನುತ್ತ ಬಂದಿದ್ದಳು. ರೊಟ್ಟಿ ಬಡಿಯುತ್ತಲೋ ಮಕ್ಕಳಿಗೆ ಜಡೆ ಹೆಣೆಯುತ್ತಲೋ, ಒಂದು ದಿನ ರೆಕಾರ್ಡ್ ಮಾಡಿಟ್ಟರಾಯಿತು ಬಿಡಿ ಎಂದು ಸಮತಾ ಮುಂದೂಡುತ್ತ ಬಂದಿದ್ದಳು. ಆ ಒಂದು ದಿನ ಇವತ್ತು. ಫೋನು ಹತ್ತಿರವಿದ್ದರೆ ಮಿಶನ್ನು ಗುರ್ರೆನ್ನುತ್ತದೆಂದು ಅದನ್ನೂ ಆರಿಸಿ, ಹೊರಗೆ ಚಪ್ಪಲಿಗಳ ಪಕ್ಕ ಇಟ್ಟು ಬಂದಿದ್ದಳು.

ಕಿಟಕಿಗಳ ಕೌದಿ ಕಂಡು ಜಂಬಮ್ಮ, "ಬಾಣಂತಿ ಕ್ವಾಣಿ ಮಾಡಿಯಲ್ಲೇ ಇದನ್ನ," ಎಂದು ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ ಹೇಳಿದ್ದಳು: "ನೋಡವ್ವಾ, ಒಮ್ಮಿ ಕರದ್ರ ಕಳಿಸೋ ತನಕ ನಾ ನಡುವ ನಿಂದ್ರಾಂಗಿಲ್ಲ. ಮಿಶನ್ನಿಂದು ಏನೈತಿ, ನೀ ನೋಡ್ಕೋಬೇಕು."

ಸಮತಾಳ ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು. ಕರೆಂಟ್ ಹೋಗಿ ಎರಡು ನಿಮಿಷಕ್ಕೆ ಬರುವುದೂ ಉಂಟು. ಬಂದೀತು, ಈಗ ಬಂದೀತು ಎಂದು ಬಲ್ಬನ್ನೇ ನೋಡಿದಳು. ಪದದೊಳಗೆ ಅತ್ತೆ ಊರಮ್ಮನಿಗೆ ಬಡಿಸಿದ್ದು ಸಾಕೇನವ್ವ ಎಂದು ಕೇಳಿ, ಕೈಗೆ ನೀರು ಹಾಕಿ, ಎಲೆಯಡಿಕೆ ಮಡಚುತ್ತಿದ್ದಳು. ಇನ್ನು ಮುಂದಿನದು ಕಳಿಸುವ ಪದ. ಕುಂಯ್ ಎನ್ನುವುದು ಒತ್ತೊತ್ತಾಯಿತು. ಕಾದರೆ ಇದ್ದದ್ದೂ ಹೋಗುತ್ತದೆ. ಸಮತಾ ಹಲ್ಲು ಕಚ್ಚಿ ಗುಂಡಿ ಒತ್ತಿಬಿಟ್ಟಳು.

ಮಿಶನ್ನಿನ ಹಸಿರು ದೀಪ ಮಿಟುಕತೊಡಗಿತು. ಪುಟ್ಟ ಪರದೆಯ ಮೇಲೆ ಅಂಕಿ ಏರಿತು. ಒಂಬತ್ತು. ಹದಿನಾಲ್ಕು. ಮೂವತ್ತಕ್ಕೆ ಬಂದು ನಿಂತಿತು. ಮತ್ತೆ ಏರಿತು. ಒಲೆಯ ಮೇಲಿನ ಹಾಲು ಕಾಯುವವಳಂತೆ ಅವಳು ಆ ಅಂಕಿಯ ಮೇಲೆ ಬಾಗಿ ಕೂತಳು. ಎಂಬತ್ತೆರಡರಲ್ಲಿ ಯುಪಿಎಸ್ಸು ಒಂದೇ ಸಮನೆ ಕಿರುಚಿಕೊಂಡಿತು. ತೊಂಬತ್ತು ದಾಟಿತು. ನೂರು ಮೂಡಿ ದೀಪ ಸ್ಥಿರವಾಗಿ, ಅವಳು ಕಣ್ಣು ಪಿಳುಕಿಸುವಷ್ಟರಲ್ಲಿ ಎಲ್ಲ ಆರಿ ಕಪ್ಪಾಯಿತು. ಉಳಿಯಿತು. ಸಮತಾಳಿಗೆ ಅಳುವೇ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಸಮಾಧಾನದ ಉಸಿರು ಬಿಟ್ಟಾಗ ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ; ಅತ್ತೆಯ ಪದ ಯಾವಾಗ ಮುಗಿದಿತ್ತೋ.

"ಎಲ್ಲಾ ಬಂತೇನು?" ಜಂಬಮ್ಮ ಕೇಳಿದಳು. ದನಿ ಸವೆದು ಬರೀ ಗಾಳಿಯಾಗಿತ್ತು.

ಸಮತಾ ಎದ್ದು ಒಂದು ಕೌದಿ ಸರಿಸಿದಳು. ಬಿಸಿಲು ಬಂದು ಅತ್ತೆಯ ಮಡಿಲ ಮೇಲೆ ಬಿತ್ತು. ಸುಳ್ಳು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಕಳಿಸೋದು ಬರಲಿಲ್ಲರಿ ಅತ್ತಿ. ನಡುವ ಕರೆಂಟ್ ಹೋತು. ಅಲ್ಲೀಮಟ ಐತಿ."

ಹೇಳುತ್ತಿರುವಾಗಲೇ ಹೊರಗಿದ್ದ ಫೋನು ನೆನಪಾಯಿತು. ಗುಂಡಿ ಒತ್ತಿದ ಮೇಲೂ ನಾಲ್ಕು ನಿಮಿಷದ ಪದವಿತ್ತು, ಫೋನಿನಲ್ಲೇ ಹಿಡಿಯಬಹುದಿತ್ತು. ಬಾಗಿಲಿಗೆ ಆರು ಹೆಜ್ಜೆ.

ಜಂಬಮ್ಮ ಬೈಯಲಿಲ್ಲ. ಒಂದು ಕೈಯಲ್ಲಿ ಗಂಟಲು ಒತ್ತಿ ಹಿಡಿದು, ಪಕ್ಕದ ಚಾಪೆ ತಟ್ಟಿ ಸೊಸೆಯನ್ನು ಕೂರಿಸಿಕೊಂಡಳು.

"ಅದಕ್ಕ್ಯಾಕ ಮಾರಿ ಸಣ್ಣದು ಮಾಡ್ಕೋತಿ. ಮಿಶನ್ ಕೇಳದಿದ್ರ ಹೋತು, ನೀ ಎದುರಿಗೇ ಕುಂತಿದ್ದಿ. ಈಗ ಕೇಳೀದಿ, ನಾಲಿಗಿ ಮ್ಯಾಲ ಇರತೈತಿ. ನೀ ಅನ್ನು. ತಪ್ಪಿದ್ದಲ್ಲಿ ನಾ ಕೈ ಮಾಡ್ತೀನಿ."

ತಾಳ ಕೊಡಲು ಜಂಬಮ್ಮ ತೊಡೆಯಿಂದ ಗೇಣೆತ್ತರಕ್ಕೆ ಕೈ ಎತ್ತಿದಳು. ಸಮತಾ ಬಾಯಿ ತೆರೆದಳು. ಒಂಬತ್ತು, ಹದಿನಾಲ್ಕು, ಮೂವತ್ತು, ಎಂಬತ್ತೆರಡು. ಒಂದು ಅಂಕಿಯೂ ಮರೆತಿರಲಿಲ್ಲ. ಹೊರಗೆ ಮಾರೇಶ ಕಾರಿನ ಹಾರ್ನ್ ಒತ್ತುತ್ತಿದ್ದ. ಮೊದಲ ಮಾತಿಗಾಗಿ ಕಾಯುತ್ತ ಅತ್ತೆಯ ಕೈ ಬಿಸಿಲಿನಲ್ಲಿ ಹಾಗೇ ನಿಂತಿತ್ತು.