ಕಿವಿಯಲ್ಲಿ ಹೇಳಿದ್ದು

“ಆ ಮಾತು ಆ ಸಿನಿಮಾದಲ್ಲಿ ಇಲ್ಲ.”

ಹೇಳಿದ್ದು ಮೂಲೆಯ ಕುರ್ಚಿಯ ಹುಡುಗಿ. ಎಲ್ಲರೂ ತಿರುಗಿ ನೋಡಿದರು. ಹಿಂದಿ ಸಿನಿಮಾ ಅಭಿಮಾನಿಗಳ ಈ ಭಾನುವಾರದ ಕೂಟಕ್ಕೆ ಅವಳು ಬರತೊಡಗಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿದ್ದವು. ಅವಳ ದನಿ ಹೇಗಿದೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೂಟ ಸೇರುತ್ತಿದ್ದದ್ದು ಕನ್ನಡಕದ ಅಂಗಡಿಯ ಮಹಡಿಯಲ್ಲಿ. ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಮೇಲೆ ಬಿಳಿ ಬಟ್ಟೆ ಬಿಗಿದರೆ ಅದೇ ಪರದೆ. ಮೊದಲು ಸಿನಿಮಾ, ಆಮೇಲೆ ಜಗಳ. ಹಳೆಯ ಚಿತ್ರಗಳ ಪಕ್ಷಕ್ಕೆ ನಿವೃತ್ತ ರೈಲ್ವೆ ಗಾರ್ಡ್ ಮುಂದಾಳು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಕುಳಿತು ದೇಶವೆಲ್ಲ ಸುತ್ತಿದವರು. ಹೊಸ ಚಿತ್ರಗಳ ಪಕ್ಷಕ್ಕೆ ಬ್ಯಾಂಕಿನ ಗುಮಾಸ್ತ.

ಗಾರ್ಡಿಗೆ ಹಿಂದಿ ಬಾರದೆನ್ನುವುದು ಕೂಟದ ಹಳೆಯ ತಮಾಷೆ. ಪಕ್ಕದಲ್ಲಿ ಕುಳಿತ ಹೆಂಡತಿ ಒಂದೊಂದು ಮಾತನ್ನೂ ಕನ್ನಡ ಮಾಡಿ ಅವರ ಕಿವಿಯಲ್ಲಿ ಹೇಳಬೇಕು. ಆ ಗುಸುಗುಸು ಹಿಂದಿನ ಸಾಲಿನವರಿಗೆ ಕಿರಿಕಿರಿ. ಗಾರ್ಡಿಗೆ ಮಾತ್ರ ಅದೇ ಸಿನಿಮಾ. ಹಾಸ್ಯದ ದೃಶ್ಯ ಬಂದರೆ, ಹೆಂಡತಿ ಹೇಳಿ ಮುಗಿಸುವಷ್ಟೂ ತಾಳ್ಮೆಯಿಲ್ಲದೆ ನಕ್ಕುಬಿಡುತ್ತಿದ್ದರು.

ಇವತ್ತಿನ ಜಗಳ ಶುರು ಮಾಡಿದ್ದು ಅವರೇ.

“ಈಗಿನ ಸಿನಿಮಾದಲ್ಲಿ ಮಾತೆಲ್ಲಿದೆ, ಬರೀ ಕಿರುಚಾಟ. ಆ ಕಪ್ಪು-ಬಿಳುಪು ಚಿತ್ರದ ಕೊನೆ ನೆನಪು ಮಾಡ್ಕೊಳ್ಳಿ. ಮುನಿಸಿಕೊಂಡು ಹೋದ ಹೆಂಡತಿ ವಾಪಸ್ ಬಂದು ಬಾಗಿಲಲ್ಲಿ ನಿಂತು ಏನಂತಾಳೆ? ‘ನೀವು ಕರೀದಿದ್ರೂ ಬರ್ತಿದ್ದೆ.’ ಇಂಥದ್ದೊಂದು ಮಾತು ತೋರಿಸಪ್ಪ, ಈಗಲೇ ನಿನ್ನ ಪಕ್ಷ ಸೇರ್ತೀನಿ.”

ಹುಡುಗಿ ಬಾಯಿ ತೆರೆದದ್ದು ಆಗ. ಹಿಂದಿಯಲ್ಲೇ ಪದವಿ ಮಾಡಿದವಳು ಎಂಬುದಷ್ಟೇ ಕೂಟಕ್ಕೆ ಗೊತ್ತಿದ್ದದ್ದು. ಆ ಚಿತ್ರವನ್ನು ಮೊನ್ನೆಯಷ್ಟೇ ನೋಡಿದ್ದಳು.

“ಅವಳು ಹೇಳೋದು ಬೇರೆ, ತಾತ. ‘ಹೋಗೋಕೆ ಇನ್ನೊಂದು ಜಾಗ ಇಲ್ಲ, ಅದಕ್ಕೇ ಬಂದೆ.’ ಅಷ್ಟೇ.”

ಗುಮಾಸ್ತ ತೊಡೆ ತಟ್ಟಿಕೊಂಡ. “ಹಾಗಾದ್ರೆ ತಾತ ಇಷ್ಟು ವರ್ಷ ತಲೆ ಮೇಲೆ ಹೊತ್ಕೊಂಡು ಮೆರೆದದ್ದು ಇಲ್ಲದ ಸಿನಿಮಾನ.”

ಕೋಣೆ ನಕ್ಕಿತು. ಹುಡುಗಿಯೂ ನಕ್ಕಳು. ಯಾರೋ ಅವಳ ಕುರ್ಚಿಯನ್ನು ಮುಂದಿನ ಸಾಲಿಗೆ ಎಳೆದರು. ಎದೆ ಹಗುರಾಯಿತು. ಆಮೇಲೆ ಗಾರ್ಡಿನ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಅದರಲ್ಲಿ ರಕ್ತವೇ ಇರಲಿಲ್ಲ. ಗಾರ್ಡ್ ತಲೆ ತಗ್ಗಿಸಿ ಗಡಿಯಾರದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು.

“ಜಗಳ ಯಾಕೆ?” ಎಂದರು ಕನ್ನಡಕದ ಅಂಗಡಿಯವರು. “ಡಿಸ್ಕ್ ನನ್ನ ಹತ್ರಾನೇ ಇದೆ. ಟೀ ಆಗ್ಲಿ, ಕೊನೇ ಸೀನ್ ಹಾಕ್ತೀನಿ. ಎಲ್ಲರೂ ಕಿವಿಯಾರೆ ಕೇಳೋಣ.”

ಹುಡುಗಿ ಹಿಂದಿನ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದಾಗ ಗಾರ್ಡಿನ ಹೆಂಡತಿ ಬಂದು ಪಕ್ಕದಲ್ಲಿ ನಿಂತರು. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದರು.

“ತಪ್ಪು ಅವರದ್ದಲ್ಲ ಪುಟ್ಟಿ. ನಂದು.”

“ಅಜ್ಜಿ, ನಾನು ಸುಮ್ಮನೆ...”

“ಕೇಳು. ಮದುವೆಯಾದ ಹೊಸತು. ಜಗಳ ಆಡಿ ತವರಿಗೆ ಹೋಗಿದ್ದೆ. ಅಣ್ಣ-ಅತ್ತಿಗೆ ಇಟ್ಕೊಳ್ಳಲಿಲ್ಲ. ಬೇರೆ ದಾರಿ ಇಲ್ಲದೆ ವಾಪಸ್ ಬಂದೆ. ಇವರು ಏನೂ ಕೇಳಲಿಲ್ಲ, ಸಿನಿಮಾಕ್ಕೆ ಕರ್ಕೊಂಡು ಹೋದ್ರು. ಇದೇ ಸಿನಿಮಾ. ಕೊನೇಲಿ ಆ ಮಾತು ಬಂತು. ‘ಏನಂದ್ಲು?’ ಅಂದ್ರು. ಪಕ್ಕದಲ್ಲಿ ಕೂತು ಅದನ್ನ ಹೇಗೆ ಹೇಳ್ಲಿ? ಬಾಯಿಗೆ ಬಂದದ್ದು ಹೇಳ್ದೆ.” ಅವರು ಸೆರಗಿನಿಂದ ಕೈ ಒರೆಸಿಕೊಂಡರು. ಕೈ ಒದ್ದೆಯಾಗಿರಲೇ ಇಲ್ಲ. “ಅವತ್ತು ಅದು ಸುಳ್ಳು. ಆಮೇಲೆ ಯಾವಾಗ ನಿಜ ಆಯ್ತೋ ನನಗೇ ಗೊತ್ತಿಲ್ಲ. ನೀನು ಹೇಳಿದ್ದನ್ನ ಅವರಿನ್ನೂ ನಂಬಿರಲಿಕ್ಕಿಲ್ಲ. ಈಗ ಆ ಸೀನ್ ಹಾಕಿ ನೀವೆಲ್ಲ ಅರ್ಥ ಬಿಡಿಸಿ ಹೇಳಿದ್ರೆ, ನಾನ್ಯಾಕೆ ಬದಲಾಯಿಸ್ದೆ ಅಂತ ಅವರಿಗೆ ತಿಳಿದುಹೋಗುತ್ತೆ. ಈ ವಯಸ್ಸಲ್ಲಿ.”

ಹುಡುಗಿಗೆ ಅವರ ಮುಖ ನೋಡಲಾಗಲಿಲ್ಲ. ಯಾರದೋ ಒಳಮನೆಗೆ ಚಪ್ಪಲಿ ಕಾಲಲ್ಲೇ ನುಗ್ಗಿದ್ದಳು. ಅದೂ ಯಾತಕ್ಕೆ, ಒಂದು ಸಲ ತನ್ನನ್ನೂ ನಾಲ್ಕು ಜನ ತಿರುಗಿ ನೋಡಲಿ ಎಂದು.

ಒಳಗೆ ಅಂಗಡಿಯವರು ಡಿಸ್ಕನ್ನು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು.

“ಹಾಕಬೇಡಿ,” ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. “ಹಾಕಬೇಡಿ. ತಾತ ಹೇಳಿದ್ದೇ ಸರಿ. ನಾನು ಎರಡು ಸಿನಿಮಾ ಕಲಸಿಬಿಟ್ಟೆ. ಆ ಮಾತು ಬೇರೆ ಯಾವುದರಲ್ಲೋ ಬರುತ್ತೆ.”

“ಯಾವುದರಲ್ಲಿ?” ಗುಮಾಸ್ತ ಬಿಡಲಿಲ್ಲ.

“ನೆನಪಿಲ್ಲ.”

“ಸರಿಹೋಯ್ತು. ಬಾಯಿ ತೆರೆಯೋದೇ ಅಪರೂಪ, ತೆರೆದ್ರೆ ಹೀಗೆ. ಇವರಿಗೆ ಡಿಗ್ರಿ ಕೊಟ್ಟ ಪುಣ್ಯಾತ್ಮ ಯಾರು, ಒಂದು ಸಲ ನೋಡ್ಬೇಕಲ್ಲ.”

ಈ ನಗು ಮೊದಲಿನದಕ್ಕಿಂತ ಜೋರಾಗಿತ್ತು. ಅವಳ ಕಿವಿ ಕಾದ ಹೆಂಚಿನಂತೆ ಸುಟ್ಟಿತು. ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಮೂಲೆಗೆ ಒಯ್ದಳು. ಡಿಸ್ಕ್ ಡಬ್ಬಿಗೆ ಮರಳಿತು. ಗಾರ್ಡಿನ ಹೆಂಡತಿ ಉಸಿರು ಬಿಟ್ಟದ್ದು ಅಲ್ಲಿಗೂ ಕೇಳಿಸಿತು.

ಕೂಟ ಮುಗಿಯಿತು. ಗಾರ್ಡಿನ ಹೆಂಡತಿ ಆಟೋ ನಿಲ್ಲಿಸಲೆಂದು ಮೊದಲೇ ಇಳಿದುಹೋದರು. ಮೆಟ್ಟಿಲ ಬಾಯಲ್ಲಿ ಗಾರ್ಡ್ ಒಬ್ಬರೇ ಬಗ್ಗಿ ಬೂಟಿಗೆ ಕಾಲು ತೂರಿಸುತ್ತಿದ್ದರು. ದಾಟಿ ಹೋಗಲು ಜಾಗವಿರಲಿಲ್ಲ.

“ಕ್ಷಮಿಸಿ ತಾತ,” ಎಂದಳು ಹುಡುಗಿ, ನೆಲ ನೋಡುತ್ತ. “ಎಲ್ಲರೆದುರು ನಿಮಗೆ ಹಾಗೆ ಹೇಳಬಾರದಿತ್ತು.”

ಅವರು ಗೋಡೆ ಹಿಡಿದು ನೆಟ್ಟಗಾದರು. ಕೆಳಗೆ ಬೀದಿಯಲ್ಲಿ ಹೆಂಡತಿ ಕೈಯೆತ್ತಿ ನಿಂತಿರುವುದನ್ನು ಒಮ್ಮೆ ಬಗ್ಗಿ ನೋಡಿ, ದನಿ ತಗ್ಗಿಸಿದರು.

“ಆ ಮಾತು ಸಿನಿಮಾದ್ದಲ್ಲ, ಅವಳದ್ದು ಅಂತ ನನಗೆ ಅವತ್ತೇ ಗೊತ್ತಿತ್ತು, ಮಗಳೇ. ನೀನು ಮಾತ್ರ ಅವಳಿಗೆ ಹೇಳಬೇಡ,” ಎಂದರು ಗಾರ್ಡ್, ಒಂದಿಷ್ಟೂ ತಡವರಿಸದೆ, ಚೊಕ್ಕ ಹಿಂದಿಯಲ್ಲಿ.