ಚಾವಿ ತಿರುವಿದಾಗಿನ ಸದ್ದು

"ಹಾಂ, ಈಗ ಚಾಲೂ ಮಾಡ್ರಿ," ಎಂದ ಮೆಕ್ಯಾನಿಕ್ ರಾಜಾರಾಮ, ಬಾನೆಟ್ಟಿಗೆ ಕಿವಿ ಹಚ್ಚಿ.

ಭೀಮಗೊಂಡ ಚಾವಿ ತಿರುವಿದ. ಚರ್ರ್... ಟಪಟಪಟಪ... ನಡುವೆ ಸಣ್ಣದೊಂದು ಕಿರುಚು. ಅಷ್ಟೇ. ಆಮೇಲೆ ಅಪ್ಪನ ಕಾಲದ ಆ ಜೀಪು ಏನೂ ಆಗಿಲ್ಲವೆಂಬಂತೆ ಗುಡುಗುಡು ಎನ್ನತೊಡಗಿತು. ಈಚೆಗೆ ದಿನಾ ಮುಂಜಾನೆ ಇದೇ ಗೋಳು.

"ಬೆಲ್ಟ್ ಹೋಗೈತೇನೋ?"

"ಬೆಲ್ಟ್ ಅಲ್ರಿ ದಾದಾ. ಫ್ಯಾನಿಗೆ ಏನೋ ಸಿಗಾಕತ್ತೈತಿ. ಬಂದ್ ಮಾಡ್ರಿ."

ಬಾನೆಟ್ ಎತ್ತಿದ್ದೇ ತಡ, ನಾತ ಮುಖಕ್ಕೆ ಹೊಡೆಯಿತು. ರಾಜಾರಾಮ ಹಿಂದೆ ಸರಿದು ಉಗುಳಿದ. ಬ್ಯಾಟರಿ ಪಕ್ಕ ಹಿಕ್ಕೆಯ ರಾಶಿ, ಉಚ್ಚೆಯಲ್ಲಿ ತೊಯ್ದ ಚಿಂದಿ, ಕುರಿಯ ಉಣ್ಣೆ. ಫ್ಯಾನಿನ ರೆಕ್ಕೆಗೆ ಹಸಿ ರಕ್ತ. ರೇಡಿಯೇಟರಿಗೆ ಅಂಟಿಕೊಂಡು ಒಂದು ಇಲಿ. ಇಡೀ ಇಲಿಯಲ್ಲ.

"ಥೂ! ಜೀವಹಿಂಸೆ, ಅದೂ ನನ್ನ ಕೈಯಾಗ!"

ಭೀಮಗೊಂಡನದು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನ ಮನೆತನ. ಮನೆಯಲ್ಲಿ ಇಲಿ ಬೋನಿಗೆ ಬಿದ್ದರೂ ಕೊಲ್ಲುವವನಲ್ಲ. ಬೋನನ್ನು ಇದೇ ಜೀಪಿನಲ್ಲಿಟ್ಟುಕೊಂಡು ಕೃಷ್ಣೆಯ ದಂಡೆಗೆ ಹೋಗುತ್ತಾನೆ. ಜೀಪಿನ ಮುಂದೆ ಇಳಿಸಿ, ಬಾಗಿಲು ತೆಗೆದು, ಹೇಸಿಗೆ ತಾಳಲಾರದೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಸಪ್ಪಳ ಅಡಗಿದ ಮೇಲೆ ಖಾಲಿ ಬೋನು ಎತ್ತಿಕೊಂಡು ಬರುತ್ತಾನೆ. ಅಂಥವನ ಜೀಪಿನಲ್ಲಿ ಇದು!

ಉಣ್ಣೆ ಕಂಡು ಅವನ ತಲೆ ಕೆಟ್ಟಿತು. ಅವನ ಹಿತ್ತಲಿನ ಖಾಲಿ ಜಾಗದಲ್ಲಿ ಕುರಿ ದೊಡ್ಡಿ ಹಾಕಿದವನು ಜಕ್ಕಪ್ಪ.

"ಏ ಜಕ್ಕಪ್ಪಾ! ಬಾರಲೇ, ನಿನ್ನ ಹೊಲಸು ನೋಡ ಬಾ!"

ಜಕ್ಕಪ್ಪ ಕಂಬಳಿ ಹೆಗಲಿಗೇರಿಸಿ ಓಡಿಬಂದ. "ಉಣ್ಣಿ ಗಾಳಿಗಿ ಹಾರತೈತ್ರಿ ಸಾವ್ಕಾರ್ರ. ಇಲಿ ನಮ್ಮಲ್ಲಿ ಎಲ್ಲಿಂದ ಬರಬೇಕು? ಬೆಕ್ಕು ಅದಾವಲ್ರಿ."

ರಾಜಾರಾಮ ತಂತಿಯಿಂದ ಇಲಿಯನ್ನು ಕೆಳಗೆ ಕೆಡವಿದ. ಬಾಲದ ತುದಿ ಕೆಂಪಗಿತ್ತು. ರಕ್ತವಲ್ಲ, ಒಣಗಿದ ಬಣ್ಣ. ಜಕ್ಕಪ್ಪ ತನ್ನ ಕುರಿಗಳ ಬೆನ್ನಿಗೆ ಗುರುತು ಹಾಕುವ ಬಣ್ಣ. ಅಷ್ಟರಲ್ಲಿ ಗೂಡಿನಿಂದ ಇನ್ನೊಂದು ಜಿಗಿದು ಭೀಮಗೊಂಡನ ಕಾಲ ಮೇಲೆಯೇ ಹಾದುಹೋಯಿತು. ಅದರ ಬಾಲವೂ ಕೆಂಪು.

"ಅಬಾಬಾ! ಇಲಿಗೂ ಗುರ್ತು ಹಾಕಿ ಸಾಕೀಯಲ್ಲಲೇ! ಸಂಜಿಯೊಳಗ ದೊಡ್ಡಿ ಕಿತ್ತು ನಡಿ."

ಜಕ್ಕಪ್ಪನ ಮುಖ ಕಪ್ಪಿಟ್ಟಿತು. "ಬಣ್ಣ ನಂದ ಹೌದ್ರಿ. ಇಲಿಗಿ ಹೆಂಗ ಬಂತೋ ಆ ದೇವರಿಗೇ ಗೊತ್ತು. ಕುರಿ ಮರಿ ಹಾಕೋ ಹೊತ್ರಿ ಇದು, ಎಲ್ಲಿಗಂತ ಹೊಡ್ಕೊಂಡು ಹೋಗ್ಲಿ?"

"ಹೊಳಿ ದಂಡಿಗಿ ಹೋಗು. ನಾ ಬಿಟ್ಟ ಇಲಿಗೋಳು ಅಲ್ಲೇ ಆರಾಮ ಅದಾವು, ನಿನಗೂ ಜಾಗಾ ಸಿಗತೈತಿ."

ರಾಜಾರಾಮ ನಕ್ಕ. ಜಕ್ಕಪ್ಪ ಗೂಟ ಕೀಳಲು ತಿರುಗಿದ.

ಗದ್ದಲ ಕೇಳಿ ಭೀಮಗೊಂಡನ ಹೆಂಡತಿ ಸುಗಂಧಾ ಹೊರಗೆ ಬಂದಳು. ಸತ್ತ ಇಲಿಯ ಬಾಲ ನೋಡಿದಳು. ಮೂಗಿಗೆ ಸೆರಗು ಒತ್ತಿ ಗಂಡನನ್ನು ನೋಡಿದಳು.

"ಗೂಟ ಬಿಡೋ ಜಕ್ಕಪ್ಪಾ. ಆ ಬಣ್ಣ ನಿನ್ನ ಹೆಂಡ್ತಿ ಕಡೆ ನಾನ ಇಸ್ಕೊಂಡಿದ್ನಿ. ಬೋನಿಗಿ ಬಿದ್ದ ಇಲಿ ಬಾಲಕ್ಕೆಲ್ಲಾ ಹಚ್ಚಿ ಕಳಸ್ತಿದ್ನಿ, ಇವರು ಹೊಳಿ ದಂಡಿಗಿ ಬಿಟ್ಟವು ತಿರುಗಿ ಬರ್ತಾವೇನು ನೋಡೂನು ಅಂತ. ನಡಕೊಂತ ಬರ್ತಾವು ಅನ್ಕೊಂಡಿದ್ನಿ."