ಜಿಪ್ಪಣ್ಣನ ಎರಡನೇ ಸ್ಥಾನ

“ಮತ್ತೆ ಅವನೇ ಮೊದಲು! ಇವತ್ತೂ ಅವನೇ!”

ಹಲ್ಲುಜ್ಜುವ ಮೊದಲೇ ಫೋನು ಹಿಡಿದು ಕೂತಿದ್ದ ಜಿಪ್ಪಣ್ಣ ಕೂಗಿದ ರಭಸಕ್ಕೆ ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಚಮಚ ಜಾರಿತು. ‘ಸೂಟ್‌ಕೇಸ್ ರಿಪೇರಿ’ ಎಂದು ಹುಡುಕಿದರೆ ಮೇಲೆ ಬಂದದ್ದು ಅವಳ ತಮ್ಮನ ವೆಬ್‌ಸೈಟು. ತನ್ನದು ಅದರ ಕೆಳಗೆ. ತಿಂಗಳಿಡೀ ಇದೇ ಗೋಳು, ಇವತ್ತು ಕೊನೆಯ ದಿನ.

ಹಿಂದೆ ಇಬ್ಬರದೂ ಒಂದೇ ಅಂಗಡಿ. ಕೆಟ್ಟ ಜಿಪ್ಪಿಗೆ ಜಿಪ್ಪಣ್ಣ, ಮುರಿದ ಚಕ್ರಕ್ಕೆ ಭಾವಮೈದ. ಗಿರಾಕಿಗಳು ಅವನನ್ನು ಚಕ್ರಪಾಣಿ ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷ ಹಾಲು ಜೇನಿನಂತಿದ್ದವರು, ಹೊಸ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬ ಮಾತಿಗೆ ಮುಖ ತಿರುಗಿಸಿಕೊಂಡು, ಬೀದಿಯ ಈ ತುದಿಗೊಂದು ಆ ತುದಿಗೊಂದು ಅಂಗಡಿ ಹಾಕಿದರು. ಎರಡು ವರ್ಷವಾಯಿತು, ಮಾತಿಲ್ಲ ಕತೆಯಿಲ್ಲ. ಹೇಳುವುದೇನಿದ್ದರೂ ಜಿಪ್ಪಣ್ಣನ ಹೆಂಡತಿಯ ಮೂಲಕವೇ.

ತಿಂಗಳ ಹಿಂದೆ ತಮ್ಮನ ಪಂಥವನ್ನು ಹೊತ್ತು ತಂದವಳೂ ಅವಳೇ. ಒಂದೇ ಬೀದಿಗೆ ಎರಡು ಅಂಗಡಿ ಯಾಕಂತೆ? ಇಬ್ಬರೂ ವೆಬ್‌ಸೈಟು ಮಾಡಬೇಕಂತೆ. ತಿಂಗಳ ಕೊನೆಗೆ ಹುಡುಕಾಟದಲ್ಲಿ ಕೆಳಗಿದ್ದವನು ಬೋರ್ಡ್ ಇಳಿಸಿ ಅಂಗಡಿ ಮುಚ್ಚಬೇಕಂತೆ. ಜಿಪ್ಪಣ್ಣ ಮೀಸೆ ತಿರುವಿ ಒಪ್ಪಿಕೊಂಡ.

ಒಪ್ಪಿದ ಮೇಲೆ ಕೈಕಟ್ಟಿ ಕೂತವನೂ ಅಲ್ಲ. ಕನ್ನಡಕ ತೆಗೆದಿಟ್ಟು, ತಲೆ ಬಾಚಿ ತೆಗೆಸಿಕೊಂಡ ನಲವತ್ತು ಫೋಟೋ ಹಾಕಿದ. ಅವನ ಪುಟ ತೆರೆಯುವಷ್ಟರಲ್ಲಿ ಒಂದು ಜಿಪ್ ಹೊಲಿದು ಮುಗಿಸಬಹುದಿತ್ತು. ‘ಅತ್ಯುತ್ತಮ ಜಿಪ್ ರಿಪೇರಿ’ ಎಂದು ಐವತ್ತೆರಡು ಸಲ ಬರೆದ. ಬೆಳಿಗ್ಗೆ ಸಂಜೆ ಭಾವಮೈದನ ವೆಬ್‌ಸೈಟು ತೆರೆದು, ಪುಟಪುಟವನ್ನೂ ಜಾಲಾಡಿ, ತಪ್ಪು ಹುಡುಕಿ ಹೊಟ್ಟೆ ಉರಿದುಕೊಂಡ.

“ರೀ, ಗಿರಾಕಿಗಳು ಏನು ಕೇಳ್ತಾರೋ ಅದನ್ನ ಬರೀಬೇಕು. ನೀವು ಕೊಚ್ಚಿಕೊಳ್ಳೋದನ್ನಲ್ಲ,” ಎಂದಿದ್ದಳು ಹೆಂಡತಿ, ತನ್ನ ಪುಟ್ಟ ಪುಸ್ತಕದಲ್ಲಿ ಏನೋ ಗೀಚುತ್ತ.

“ನಿನಗೇನು ಗೊತ್ತು ಇದೆಲ್ಲ? ಸುಮ್ನಿರು.”

ಅವಳು ಗೀಚುವುದನ್ನು ಮುಂದುವರಿಸಿದಳು. ಅಂಗಡಿಗೆ ಊಟ ತಂದಾಗಲೂ ಆ ಪುಸ್ತಕ ಕೈಯಲ್ಲೇ ಇರುತ್ತಿತ್ತು. ದಿನಸಿ ಪಟ್ಟಿ ಇದ್ದೀತೆಂದು ಅವನು ಕೇಳಲಿಲ್ಲ. ಈಚೆಗೆ ಅವಳ ಫೋನೂ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಇವಳ ಹರಟೆ ಹೆಚ್ಚಾಯಿತು ಎಂದು ಗೊಣಗಿಕೊಂಡ, ಅಷ್ಟೆ.

ಗಿರಾಕಿಗಳೇನೋ ಹೆಚ್ಚಾಗಿದ್ದರು. ಬಂದವರೆಲ್ಲ ಜಿಪ್ಪಿನವರೇ, ಚಕ್ರ ಮುರಿದದ್ದು ತಪ್ಪಿಯೂ ಒಂದು ಬರಲಿಲ್ಲ. ಮೊನ್ನೆ ಒಬ್ಬರು ಬಾಗಿಲಲ್ಲೇ ನಕ್ಕಿದ್ದರು. “ಕನ್ನಡಕ ಹಣೆ ಮೇಲಿಟ್ಕೊಂಡು ಅದನ್ನೇ ಹುಡುಕ್ತಿರ್ತಾರೆ ಅಂದ್ರು. ನೀವೇ ಅಲ್ವಾ?” ಎಲ್ಲ ನನ್ನ ವೆಬ್‌ಸೈಟಿನ ಮಹಿಮೆ ಎಂದು ಜಿಪ್ಪಣ್ಣ ಬೀಗಿದ್ದ.

ಈಗ ಬೀಗಿ ಏನು ಬಂತು? ಸೋಲು ಸೋಲೇ. ಅಂಗಡಿಗೆ ಹೋಗಿ ಏಣಿ ಹಾಕಿ ಬೋರ್ಡಿನ ಮೊದಲ ಸ್ಕ್ರೂ ತಿರುಗಿಸಿದ. ಜಿಪ್ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವನು ಎರಡನೆಯ ಸ್ಕ್ರೂಗೆ ಕೈ ಹಾಕಿದ.

“ಭಾವ, ಇಳೀರಿ ಕೆಳಗೆ. ಗೆದ್ದವರು ಯಾರಾದ್ರೂ ಬೋರ್ಡ್ ಬಿಚ್ತಾರಾ?”

ಏಣಿಯ ಬುಡದಲ್ಲಿ ಚಕ್ರಪಾಣಿ ನಿಂತಿದ್ದ. ತನ್ನ ಬೋರ್ಡನ್ನು ಆಗಲೇ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

“ಅಣಕಿಸೋಕೆ ಬಂದ್ಯಾ? ಮೊದಲು ಇರೋನು ನೀನು ಕಣೋ!”

“ಅಯ್ಯೋ, ನಾನೆಲ್ಲಿ? ದಿನಾ ನಿಮ್ಮ ವೆಬ್‌ಸೈಟು ನೋಡಿ ನೋಡಿ ನಿದ್ದೆ ಕೆಟ್ಟಿದೆ ನನಗೆ. ಬೇಕಿತ್ತಾ ನಿಮಗೆ ಈ ಪಂಥ?”

“ಪಂಥ ಕಟ್ಟಿದ್ದು ನೀನಲ್ವಾ?”

“ನೀವು ಅಂತ ಅಕ್ಕ ಅಂದ್ಲು!”

ಇಬ್ಬರೂ ಫೋನು ತೆಗೆದರು. ಇವನ ಫೋನಿನಲ್ಲಿ ಚಕ್ರಪಾಣಿ ಮೊದಲು, ಅವನ ಫೋನಿನಲ್ಲಿ ಜಿಪ್ಪಣ್ಣ ಮೊದಲು. ಎರಡು ವರ್ಷದ ಮೇಲೆ ಬಾಯಿ ಬಿಟ್ಟವರು, ಸೋತದ್ದು ನಾನು, ನೀನಲ್ಲ ಎಂದು ಬೀದಿಯಲ್ಲೇ ಜಗಳಕ್ಕೆ ನಿಂತರು.

ಅಷ್ಟರಲ್ಲಿ ಹೆಂಗಸೊಬ್ಬರು ಸೂಟ್‌ಕೇಸನ್ನು ದರದರ ಎಳೆದುಕೊಂಡು ಬಂದರು. ಅದರ ಜಿಪ್ಪು ಬಾಯಿಬಿಟ್ಟಿತ್ತು, ಒಂದು ಚಕ್ರ ಇರಲೇ ಇಲ್ಲ. ಜಗಳದ ಕಾರಣ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

“ನೀವು ದಿನಾ ಏನು ನೋಡ್ತೀರೋ ಅದನ್ನೇ ನಿಮ್ಮ ಫೋನು ಮೇಲೆ ತಂದಿಡತ್ತೆ ಸ್ವಾಮಿ. ನನ್ನ ಫೋನಲ್ಲಿ ಮೊದಲು ಬಂದಿದ್ದು ನಿಮ್ಮದೂ ಅಲ್ಲ, ಅವರದೂ ಅಲ್ಲ. ನೋಡಿ.”

ಎಲ್ಲಕ್ಕಿಂತ ಮೇಲೆ ‘ಸೂಟ್‌ಕೇಸ್ ಆಸ್ಪತ್ರೆ’. ಮುಟ್ಟಿದ ತಕ್ಷಣ ತೆರೆಯಿತು. ಯಾರ ಹೆಸರೂ ಇಲ್ಲ, ಬರೀ ಗಿರಾಕಿಗಳ ಮಾತು: ‘ಜಿಪ್ಪು ಹಲ್ಲು ಬಿಟ್ಟಿದೆ, ಸರಿಹೋಗತ್ತಾ?’, ‘ಸಂಜೆ ಊರಿಗೆ ಹೊರಡಬೇಕು, ಅಷ್ಟರಲ್ಲಿ ಆಗತ್ತಾ?’ ಅದರ ಕೆಳಗೆ ಉತ್ತರ: ಜಿಪ್ಪಿಗೆ ಬೀದಿಯ ಈ ತುದಿ, ಚಕ್ರಕ್ಕೆ ಆ ತುದಿ. ಪಕ್ಕದಲ್ಲಿ ಹಳೆಯ ಅಂಗಡಿಯ ಮುಂದೆ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿರುವ ಇಬ್ಬರ ಫೋಟೋ. ಜಿಪ್ಪಣ್ಣನ ಕನ್ನಡಕ ಹಣೆಯ ಮೇಲಿತ್ತು.

“ಎರಡೂ ಕೆಟ್ಟಿದೆ, ಯಾವ ತುದಿಗೆ ಹೋಗ್ಲಿ ಅಂತ ಫೋನಲ್ಲಿ ಕೇಳಿದೆ,” ಎಂದರು ಹೆಂಗಸು. “ಇವತ್ತು ಬನ್ನಿ, ಇಬ್ಬರೂ ಒಂದೇ ಕಡೆ ಸಿಗ್ತಾರೆ ಅಂದ್ರು. ಇಲ್ಲೇ ಕೆಳಗಿದೆಯಲ್ಲ, ಈ ನಂಬರು.”

ಆ ನಂಬರು ಇಬ್ಬರಿಗೂ ಬಾಯಿಪಾಠ: ಒಬ್ಬನಿಗೆ ಅದು ಹೆಂಡತಿಯದು, ಇನ್ನೊಬ್ಬನಿಗೆ ಅಕ್ಕನದು.